ಅತ್ತೆಯ ಟರ್ಮಿನಲ್, ಸೊಸೆಯ ಎಡಿಟರ್

ಬ್ರೈಲ್ ಪುಸ್ತಕ ಅಚ್ಚು ಹಾಕುವ ಆ ಮುದ್ರಣಾಲಯದಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಕಪ್ಪುಪರದೆ ಅಕ್ಕ ಎಂದೇ. ಇಪ್ಪತ್ತೆರಡು ವರ್ಷದಲ್ಲಿ ಮೌಸ್ ಮುಟ್ಟಿದವರಲ್ಲ. ಎದುರಿಗೆ ಆಜ್ಞೆಗಳನ್ನು ಕುಟ್ಟುವ ಕಪ್ಪು ಟರ್ಮಿನಲ್ ಕಿಟಕಿಗಳು: ಒಂದರಲ್ಲಿ ಅಕ್ಷರವನ್ನು ಚುಕ್ಕಿಯಾಗಿಸುವ ಪ್ರೋಗ್ರಾಮ್, ಇನ್ನೊಂದರಲ್ಲಿ ಅದನ್ನು ಪುಟಪುಟವಾಗಿ ಬಿಡಿಸುವುದು, ಮತ್ತೊಂದರಲ್ಲಿ ಯಂತ್ರಕ್ಕೆ ಕಳಿಸುವುದು. ಓಡುವ ಪ್ರತಿಯೊಂದಕ್ಕೂ ಕಂಪ್ಯೂಟರ್ ಕೊಡುವ ನಂಬರು ಅವರ ನಾಲಿಗೆ ತುದಿಯಲ್ಲಿ. ಯಾವುದಾದರೂ ಹಟ ಹಿಡಿದು ಕೂತರೆ, ನಂಬರು ಕುಟ್ಟಿ ಅದನ್ನು ಮಟ್ಟ ಹಾಕುತ್ತಿದ್ದರು.

ಪಕ್ಕದ ಕುರ್ಚಿ ಅವರ ಸೊಸೆಯದು; ಇಬ್ಬರ ಪರದೆಗೂ ಕಂಪ್ಯೂಟರ್ ಒಂದೇ. ಮನೆಯಲ್ಲಿ ಹಾಲುಜೇನಿನಂತಿದ್ದ ಇಬ್ಬರೂ ಕೆಲಸಕ್ಕೆ ಕೂತರೆ ಎಣ್ಣೆ-ಸೀಗೆಕಾಯಿ. ಸೊಸೆ ಎಲ್ಲವನ್ನೂ ಪ್ರೋಗ್ರಾಮ್ ಬರೆಯುವ ಎಡಿಟರ್ ಎಂಬ ಒಂದೇ ಕಿಟಕಿಯೊಳಗೇ ಓಡಿಸುವವಳು. ಅಲ್ಲಿ ಪ್ರತಿ ಪ್ರೋಗ್ರಾಮಿಗೂ ಹೆಸರು, ಓಡುತ್ತಿದ್ದರೆ ಹಸಿರು, ನಿಂತರೆ ಕೆಂಪು.

"ಬಣ್ಣ ಬಳಿದ್ರೆ ಕೆಲಸ ಆಗ್ಬಿಡತ್ತಾ? ಆ ಎಡಿಟರ್ ಮುಚ್ಚಿದ್ರೆ ಒಳಗಿರೋದೆಲ್ಲ ಗೊಟಕ್!" ಎನ್ನುವರು ಅತ್ತೆ.

"ನಾನ್ಯಾಕ್ ಮುಚ್ಲಿ?" ಎನ್ನುವಳು ಸೊಸೆ. ಉಳಿದವರಿಗೆ ಪುಕ್ಕಟೆ ಮನರಂಜನೆ.

ತಿಂಗಳ ಕೊನೆಗೆ ಅಕ್ಕನಿಗೆ ನಿವೃತ್ತಿ. ಅಷ್ಟರಲ್ಲಿ ಎರಡರಲ್ಲೊಂದು ಪದ್ಧತಿ ಗಟ್ಟಿಮಾಡಿ ಎಂದರು ವ್ಯವಸ್ಥಾಪಕರು. ಗೆಲುವು ತಮ್ಮದೇ ಎಂಬುದರಲ್ಲಿ ಅಕ್ಕನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಆ ಬುಧವಾರ ಅಂಧ ಮಕ್ಕಳ ಶಾಲೆಯ ವಿಜ್ಞಾನದ ಪುಸ್ತಕ ಅಚ್ಚಾಗುತ್ತಿತ್ತು, ಮರುದಿನವೇ ತಲುಪಬೇಕು. ಬೆರಳಿನಿಂದ ಓದಿ ಕರಡು ತಿದ್ದುವ ಹಿರಿಯರು ಕೂಗಿದರು: "ಇದೇನಮ್ಮಾ, ಹನ್ನೊಂದು ಹಾಳೆ ಆಯ್ತು, ಈ ಕಪ್ಪೆ ಹೃದಯ ಮುಗೀತಾನೇ ಇಲ್ವಲ್ಲ!"

ಸೊಸೆಯ ಎಡಿಟರಿನಲ್ಲಿ ಓಡುತ್ತಿದ್ದ ಪುಟ ಬಿಡಿಸುವ ಪ್ರೋಗ್ರಾಮ್ ನಿಂತುಹೋಗಿತ್ತು. ಯಂತ್ರ ಮಾತ್ರ ಕೊನೆಯ ಪುಟವನ್ನೇ ಮತ್ತೆ ಮತ್ತೆ ಒತ್ತುತ್ತಿತ್ತು. ವ್ಯವಸ್ಥಾಪಕರು ಸೊಸೆಯತ್ತ ತಿರುಗಿದರು. "ಟೀಗೆ ಹೋಗುವಾಗ ಏನೋ ಮುಚ್ಚಿದೆ ಸರ್. ನಾನೇ ಮುಚ್ಚಿರ್ಬೇಕು," ಎಂದಳು.

ಅಕ್ಕ ತಮ್ಮ ಕಿಟಕಿಯಲ್ಲಿ ತಾವು ಕುಟ್ಟಿದ ಹಿಂದಿನ ಸಾಲು ನೋಡಿದರು. ಬೆಳಿಗ್ಗೆ ಹಟ ಹಿಡಿದಿದ್ದ ಹಳೆಯ ಪ್ರೋಗ್ರಾಮಿನ ನಂಬರು 4017. ಅವರು ನಿಲ್ಲಿಸಿದ್ದು 4071, ಸೊಸೆಯ ಪುಟ ಬಿಡಿಸುವ ಪ್ರೋಗ್ರಾಮ್. ಪರದೆ ಅಳಿಸಿದರೆ ಯಾರಿಗೂ ತಿಳಿಯುವುದಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ವಾದವೂ ಗೆದ್ದಂತೆ. ಸೊಸೆ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾಚಿಕೆಯಾಯಿತು ಅಕ್ಕನಿಗೆ.

"ಅವಳಲ್ಲ ಸರ್, ನಾನು. ನಂಬರು ತಪ್ಪಿ ಕುಟ್ಟಿದೀನಿ, ನೋಡಿ ಇಲ್ಲಿ," ಎಂದು ಪರದೆ ತಿರುಗಿಸಿದರು. ಆಮೇಲೆ ಎಂದಿನ ಗತ್ತಿನಲ್ಲೇ ತೀರ್ಪು ಕೊಟ್ಟರು: "ಇನ್ಮೇಲೆ ಎಡಿಟರೇ ಇರ್ಲಿ. ಇಷ್ಟು ವರ್ಷ ಯಾವುದು ಎಲ್ಲಿ ಓಡ್ತಿದೆ ಅಂತ ನನ್ನ ತಲೇಲಿತ್ತು. ಆ ತಲೆ ತಿಂಗಳ ಕೊನೆಗೆ ನನ್ ಜೊತೆ ಮನೆಗ್ ಬರತ್ತೆ. ಇಲ್ಲಿ ಕೂರೋರಿಗೆ ಹೆಸರು ಕಣ್ಣಿಗೆ ಕಾಣ್ಬೇಕು. ಆದ್ರೆ ಯಂತ್ರಕ್ಕೆ ಕಳ್ಸೋದೊಂದು ಟರ್ಮಿನಲ್‌ನಲ್ಲೇ ಇರತ್ತೆ. ಎಡಿಟರ್ ಮುಚ್ಚಿದ್ರೂ ಅದು ನಿಲ್ಬಾರ್ದು."

ಸೊಸೆ ಒಪ್ಪಿದಳು. ಸಂಜೆಯೊಳಗೆ ಇಬ್ಬರೂ ಸೇರಿ ಇಡೀ ಪುಸ್ತಕ ಮುಗಿಸಿದರು.

ಮೆಟ್ಟಿಲಿಳಿಯುವಾಗ ಅವಳು ಕೇಳಿದಳು: "ಸುಮ್ನಿದ್ದಿದ್ರೆ ನೀವೇ ಗೆಲ್ತಿದ್ರಲ್ಲ ಅತ್ತೆ?"

"ಗೆದ್ದು? ದಿನಾ ನಿನ್ನೆದುರಿಗೇ ಕೂತು ಊಟ ಮಾಡ್ಬೇಕಲ್ವೇನೇ ನಾನು," ಎಂದರು ಅತ್ತೆ.