ಈರಕ್ಕನ ಹಿತ್ತಿಲು, ಪರ್ವತಯ್ಯನ ಪಿಸ್ತೂಲು

ನೆನೆದ ತೊಗಲಿನ ವಾಸನೆ ಹೇಗಿರುತ್ತದೆ ಎಂದು ಗೊತ್ತಿಲ್ಲದವರು ಪುಣ್ಯವಂತರು. ಮದುವೆಯಾಗಿ ಶಿರಾಕ್ಕೆ ಬಂದಾಗಿನಿಂದ ನಾನು ಅದನ್ನೇ ಉಸಿರಾಡುತ್ತಿದ್ದೇನೆ. ನಮ್ಮ ಅಡುಗೆಮನೆಗೂ ಈರಕ್ಕನ ಹಿತ್ತಿಲಿಗೂ ನಡುವೆ ಇರುವುದು ಒಂದು ಮೋಟುಗೋಡೆ. ಇಂಗು ಹಾಕಿ ಒಗ್ಗರಣೆ ಕೊಟ್ಟರೂ ಮೂಗಿಗೆ ಬಡಿಯುವುದು ತೊಗಲೇ. ಆ ಕಡೆಯ ಕಿಟಕಿಯನ್ನು ನಾನು ತೆರೆಯುವುದು ಅವಳು ಊರಿಗೆ ಹೋದಾಗ ಮಾತ್ರ.

ಈರಕ್ಕ ಮದಲೂರಿನ ಕುರಿ ಕಾಯುವವರ ಮನೆಯ ಹೆಣ್ಣು. ಗಂಡ ಓಬಯ್ಯ ಇಲ್ಲಿ ಜಟಕಾ ಓಡಿಸುತ್ತಿದ್ದ. ಕುದುರೆಗೆ ಜೀನು, ಲಗಾಮು ಹೊಲಿಯುತ್ತಿದ್ದ ಸಾಬರೊಬ್ಬರು ಹೊಲಿಗೆಯ ಕೆಲಸವನ್ನು ಇವಳ ಮನೆಗೆ ಕಳಿಸುತ್ತಿದ್ದರು. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಆ ಕಡೆಯಿಂದೊಂದು ಈ ಕಡೆಯಿಂದೊಂದು ದಾಟಿಸುವ ಹೊಲಿಗೆ ಅವರಿಂದಲೇ ಕಲಿತದ್ದು. ಆಮೇಲೆ ಗಂಡನೂ ಹೋದ, ಜಟಕಾಗಳೂ ಹೋದವು. ಬ್ಯಾಂಕಿಗೆ ಹಣ ಸಾಗಿಸುವ ಗಾಡಿಗಳು ಬಂದವು, ಅವುಗಳ ಜೊತೆ ಸೊಂಟಕ್ಕೆ ಪಿಸ್ತೂಲು ಕಟ್ಟಿದ ಕಾವಲುಗಾರರು ಬಂದರು. ಈಗ ಮಧುಗಿರಿ, ಪಾವಗಡದಿಂದಲೂ ಪಿಸ್ತೂಲಿನ ಚೀಲಕ್ಕೆ ಇವಳನ್ನೇ ಹುಡುಕಿಕೊಂಡು ಬರುತ್ತಾರೆ.

ಅವಳ ಅಣ್ಣ ಚೌಡಯ್ಯ ವರ್ಷಕ್ಕೊಮ್ಮೆ ಬರುತ್ತಾನೆ. ತಂಗಿಯ ಹೊಸಿಲು ತುಳಿಯದೆ ನಮ್ಮ ಮನೆಯ ಮುಂದೆ ಬಂದು, "ತಾಯಿ, ಒಂದು ಚೆಂಬು ನೀರು ಕೊಡಿ" ಅನ್ನುತ್ತಾನೆ. ಕುರಿ ಕೊಯ್ದು ಮೂಳೆ ಚೀಪುವವನಿಗೆ ತೊಗಲು ಮೈಲಿಗೆಯಂತೆ. ಅವನಿಗೆ ನೀರು ಕೊಡುವಾಗಲೆಲ್ಲ ಚೆಂಬನ್ನು ತಲೆಯ ಮೇಲೇ ಸುರಿದುಬಿಡೋಣ ಅನ್ನಿಸುತ್ತದೆ. ನಾನೂ ಅವಳ ಮನೆಯಲ್ಲಿ ನೀರು ಕುಡಿದವಳಲ್ಲ, ಆದರೆ ನಾನು ಅವಳ ಒಡಹುಟ್ಟಿದವಳೂ ಅಲ್ಲವಲ್ಲ.

ಕೆಲಸ ಮಾತ್ರ ಅಚ್ಚುಕಟ್ಟು. ಹೊಲಿದ ಚೀಲವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಮೆತ್ತಗೆ ಮಾಡುತ್ತಾಳೆ. ತುಕ್ಕು ಹಿಡಿಯದಿರಲಿ ಎಂದು ಪಿಸ್ತೂಲಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಒಳಗೆ ತುರುಕುತ್ತಾಳೆ. ನುಣ್ಣಗೆ ತೇಯ್ದ ಮೂಳೆಯ ತುಂಡಿನಿಂದ ತೊಗಲನ್ನು ಒತ್ತಿ ಒತ್ತಿ ತಿಕ್ಕುತ್ತಾ ಹೋದರೆ ಒಳಗಿನ ಏಣು, ಕುಳಿ, ಮೊಳೆಯ ತಲೆ ಎಲ್ಲವೂ ಹೊರಗೆ ಮೂಡುತ್ತವೆ. ಒಣಗಿದ ಮೇಲೆ ಆ ಆಕಾರ ಅಲ್ಲಾಡುವುದಿಲ್ಲ. ಆದರೆ ನೆರಳಿನಲ್ಲೇ ಒಣಗಬೇಕು, ಬಿಸಿಲು ತಾಗಿದರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ನಮ್ಮ ಸಾಲಿನಲ್ಲಿ ನೆರಳಿರುವುದು ಅವಳ ಹಿತ್ತಿಲಿನ ಹೊಂಗೆ ಮರದ ಕೆಳಗೆ ಮಾತ್ರ. ಆ ಹಿತ್ತಿಲು ಹೋದರೆ ಅವಳ ಕಸುಬೂ ಹೋದಂತೆಯೇ.

ಆ ಹಿತ್ತಿಲಿನ ಮೇಲೆ ಪರ್ವತಯ್ಯನ ಕಣ್ಣು ಬಿತ್ತು. ಕಡಲೆಕಾಯಿ ವ್ಯಾಪಾರಿ, ಹೇಳಿಕೊಳ್ಳಲು ನಾಚಿಕೆ, ನಮ್ಮ ಪೈಕಿಯವನೇ. ಜಯಂತಿಯ ದಿನ ಹಣೆ ತುಂಬ ವಿಭೂತಿ ಬಳಿದುಕೊಂಡು ವೇದಿಕೆ ಹತ್ತಿ, ಚಪ್ಪಲಿ ಹೊಲಿದ ಶರಣರ ಬಗ್ಗೆ ಗಂಟಲು ಕಟ್ಟಿಸಿಕೊಂಡು ಮಾತಾಡುತ್ತಾನೆ. ಕೆಳಗಿಳಿದು ಈರಕ್ಕನ ಬಾಗಿಲು ದಾಟುವಾಗ ಮೂಗಿಗೆ ಕರ್ಚೀಫು ಹಿಡಿಯುತ್ತಾನೆ. ಅವನ ಗೋದಾಮಿಗೆ ಲಾರಿ ಹೋಗಲು ನಮ್ಮೆಲ್ಲರ ಹಿತ್ತಿಲು ಬೇಕಾಗಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಆಸಾಮಿ, ಬೇಕೆಂದರೆ ಬೇಕು.

ನಮ್ಮ ಮನೆಗೆ ಬಂದವನು ಕಾಫಿ ಕುಡಿಯುತ್ತಾ ಹೊಟ್ಟೆ ಕೆರೆದುಕೊಳ್ಳುವ ನೆಪದಲ್ಲಿ ಅಂಗಿ ಎತ್ತಿದ. ಸೊಂಟದಲ್ಲಿ ಕಪ್ಪು ಪಿಸ್ತೂಲಿನ ಹಿಡಿ ಕಂಡಿತು. ಅಂಗಿ ಇಳಿಸುವಷ್ಟರಲ್ಲಿ ನಮ್ಮ ಯಜಮಾನರು ಹಾಲೇಶ್ ಪತ್ರಕ್ಕೆ ಸಹಿ ಹಾಕಲು ಪೆನ್ನು ಹುಡುಕುತ್ತಿದ್ದರು. ನಾನು ನೀರು ಹೊತ್ತು ಬೆಳೆಸಿದ ಕಾಕಡ ಹೂವಿನ ಗಿಡಗಳ ಸಾಲು ಅವತ್ತೇ ಹೋಯಿತು. ಬೀದಿಯ ಉಳಿದ ಗಂಡಸರೂ ಹಾಗೆಯೇ ಬಾಲ ಮುದುರಿದರು. ಲೈಸೆನ್ಸ್ ಇದೆಯಾ ಎಂದು ಒಬ್ಬನೂ ಬಾಯಿ ಬಿಡಲಿಲ್ಲ.

ಉಳಿದವಳು ಈರಕ್ಕ ಒಬ್ಬಳೇ. ಒಂದು ಬೆಳಿಗ್ಗೆ ಅವಳ ಹಿತ್ತಿಲ ಬಾಗಿಲಲ್ಲಿ ಪರ್ವತಯ್ಯ ಕರ್ಚೀಫು ಹಿಡಿದು ನಿಂತದ್ದು ನಮ್ಮ ಬಚ್ಚಲ ಕಡೆಯಿಂದ ಕಂಡಿತು.

"ಭಾನುವಾರ ಪತ್ರ ತರ್ತೀನಿ, ಹೆಬ್ಬೆಟ್ಟು ಒತ್ತು. ಅಷ್ಟರೊಳಗೆ ಇದಕ್ಕೊಂದು ಕವರ್ ಹೊಲಿ. ಇನ್ಮೇಲೆ ಅಂಗಿ ಮೇಲೇ ಕಟ್ಟೋನು ನಾನು," ಎಂದು ಪಿಸ್ತೂಲನ್ನು ಅವಳ ಗೋಣಿಯ ಮೇಲೆ ಎಸೆದ. "ಗುಂಡು ತುಂಬೈತೆ, ಟ್ರಿಗರ್ ಮುಟ್ಟೀಯ."

ಅವನು ಹೋದ ಮೇಲೆ ಗೋಡೆಯ ಮೇಲಿಂದ ನಾನು ಉಗಿದೆ. "ನಿನ್ನ ಹಿತ್ತಿಲು ಕಿತ್ಕೊಳ್ಳೋನಿಗೆ ನೀನೇ ಹೊಲಿದು ಕೊಡ್ತೀಯಲ್ಲ, ನಿನಗೆ ಮಾನ ಇಲ್ವಾ?"

"ಬ್ಯಾಂಕಿನೋರು ಗುಂಡು ಈಚಿಗೆ ತೆಗ್ದು ಕೊಡ್ತಾರೆ. ತೊಗಲು ಅಚ್ಚು ಹಿಡಿಯಗಂಟ ಕಣ್ಣು ಮಿಟುಕಿಸ್ದೆ ಇಲ್ಲೇ ಕೂತಿರ್ತಾರೆ," ಎಂದಳು ಈರಕ್ಕ, ನನ್ನ ಮಾತು ಕೇಳಿಸದವಳಂತೆ. "ಇವ್ನು ಎಸೆದ್ಬುಟ್ಟು ಹೋದ ಕಣಮ್ಮ."

ಮರುದಿನ ಮಧ್ಯಾಹ್ನ ಅವಳೇ ಕರೆದಳು. "ನಾಗರತ್ನಮ್ಮ, ವಸಿ ಇಂಗೆ ಬನ್ನಿ." ಸೆರಗು ಮೂಗಿಗೆ ಒತ್ತಿಕೊಂಡು ಹೋದೆ. ಹೊಂಗೆಯ ಕೆಳಗೆ ಒದ್ದೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮೂಳೆಯಿಂದ ತಿಕ್ಕಿದ ಜಾಗದಲ್ಲಿ ಹೆಬ್ಬೆಟ್ಟಿನ ಉಗುರಿನಷ್ಟು ದೊಡ್ಡದೇನೋ ಉಬ್ಬಿತ್ತು. ಬಗ್ಗಿ ನೋಡಿದೆ. ಎರಡು ಕಿವಿ ನೆಟ್ಟಗೆ ನಿಮಿರಿಸಿಕೊಂಡು ಕೂತ ಮೊಲ.

ಅವಳು ಪಿಸ್ತೂಲನ್ನು ಹೊರಗೆಳೆದು ಪ್ಲಾಸ್ಟಿಕ್ ಬಿಚ್ಚಿದಳು. ದಪ್ಪಗೆ ಬಳಿದ ಕಪ್ಪು ಬಣ್ಣದಲ್ಲಿ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಬೆರಳಾಡಿಸಿದರೆ ಮೊಲ ಸಿಕ್ಕಿತು, ಆಟದ ಸಾಮಾನು ಮಾಡಿದವರು ಒತ್ತಿದ ಗುರುತು. ಈರಕ್ಕ ಉಗುರಿನಿಂದ ಕೆರೆದಳು. ಒಳಗಿದ್ದದ್ದು ಗಿಳಿಹಸಿರು ಪ್ಲಾಸ್ಟಿಕ್.

"ತೂಕ ಇರ್ಲಿ ಅಂತ ಹಿಡಿಯೊಳಗೆ ಸೀಸ ತುಂಬೌನೆ," ಎಂದಳು.

ನನಗೆ ನಗು ಬರಲಿಲ್ಲ. ಜಾತ್ರೆಯಲ್ಲಿ ಮಕ್ಕಳು ಅತ್ತು ಕೊಡಿಸಿಕೊಳ್ಳುವ ಸಾಮಾನಿಗೆ ನನ್ನ ಕಾಕಡದ ಸಾಲು ಹೋಯಿತೇ. ಮೀಸೆ ಹೊತ್ತ ಇಷ್ಟು ಜನ ನಡುಗಿದ್ದು ಇದಕ್ಕೇ. ಈಗಲೇ ಬೀದಿಗೆ ಹೋಗಿ ಕೂಗುತ್ತೇನೆ ಎಂದೆ.

"ಕೂಗಿದ್ರೆ ಯಾರು ನಂಬ್ತಾರೆ, ಸುಮ್ಕಿರಿ," ಎಂದು ಅವಳು ಕೆರೆದ ಜಾಗಕ್ಕೆ ಕಪ್ಪು ಬಣ್ಣ ತೀಡಿ, ಪಿಸ್ತೂಲನ್ನು ಮತ್ತೆ ಒಳಗಿಟ್ಟಳು. ಬೇಕಿದ್ದರೆ ಮೂಳೆ ಆಡಿಸಿ ಆ ಉಬ್ಬನ್ನು ಅಳಿಸಬಹುದಿತ್ತು. ಅವಳು ಮೊಲದ ಸುತ್ತಲೂ ಒತ್ತಿದಳು. ಕಿವಿ, ಬಾಲ, ಮುಂಗಾಲು, ಎಲ್ಲವೂ ಎದ್ದು ನಿಲ್ಲುವವರೆಗೆ ಬಿಡಲಿಲ್ಲ. ಆ ಹೊತ್ತು ನನ್ನ ಸೆರಗು ಮೂಗಿನಿಂದ ಜಾರಿದ್ದು ನನಗೇ ತಿಳಿಯಲಿಲ್ಲ.

ಭಾನುವಾರ ಪರ್ವತಯ್ಯ ಪತ್ರ ಹಿಡಿದು ಬಂದ. ಸಾಕ್ಷಿಗೆಂದು ಬೀದಿಯ ಗಂಡಸರನ್ನೆಲ್ಲ ಕರೆಸಿದ್ದ, ನಮ್ಮವರೂ ಹೋಗಿ ಮೊದಲ ಸಾಲಿನಲ್ಲಿ ಕೈ ಕಟ್ಟಿ ನಿಂತರು. ಈರಕ್ಕ ಪಿಸ್ತೂಲು ಕೂತಿದ್ದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಎಲ್ಲರ ಮುಂದೆ ಕೊಟ್ಟಳು. ಅವನು ಸೊಂಟದ ಪಟ್ಟಿಗೆ ಏರಿಸಿ, ಕೆಳಗೆ ನೋಡಿ, ನಿಂತುಬಿಟ್ಟ.

"ಏನಮ್ಮ ಇದು?"

"ನಿಮ್ಮ ಪಿಸ್ತೂಲ್ನಾಗೆ ಇರೋದು ಸಾಮಿ. ಒಳಗೇನೈತೋ ಅದ್ನೇ ತೊಗಲು ತೋರ್ಸೋದು."

ಗಂಡಸರು ಬಗ್ಗಿ ನೋಡಿದರು. ಯಾರೋ "ಮೊಲ ಕಣ್ಲಾ" ಎಂದು ಪಿಸುಗುಟ್ಟಿದರು.

"ನಂದೇ ತಪ್ಪಿದ್ರೆ ಪಿಸ್ತೂಲ್ನ ಈಚಿಗೆ ತೆಗೀರಿ, ಎಲ್ರೂ ನೋಡ್ಲಿ," ಎಂದಳು ಈರಕ್ಕ. "ಅದ್ರಾಗೆ ಮೊಲ ಇಲ್ದಿದ್ರೆ ಈಗ್ಲೇ ಹೆಬ್ಬೆಟ್ಟು ಒತ್ತಿ ಹಿತ್ಲು ಬುಟ್ಕೊಡ್ತೀನಿ."

ಪರ್ವತಯ್ಯನ ಕೈ ಪಿಸ್ತೂಲಿನ ಹಿಡಿಯ ಮೇಲಿತ್ತು. ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು. ಬೆವರು ವಿಭೂತಿಯನ್ನು ಕರಗಿಸಿಕೊಂಡು ಹುಬ್ಬಿಗೆ ಇಳಿಯಿತು. ಕೊನೆಗೆ ಅವನು ಅಂಗಿಯನ್ನು ಚೀಲದ ಮೇಲೆ ಎಳೆದುಕೊಂಡು ಕಾರು ಹತ್ತಿದ. ಪತ್ರವನ್ನು ಜೇಬಿಗಿಟ್ಟುಕೊಂಡೇ ಹೋದ.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಗಂಡಸರಿಗೆ ನಗು ಬಂತು. ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮವರು. "ನನಗೆ ಮೊದಲೇ ಡೌಟಿತ್ತು" ಎಂದರು. ಪಿಸ್ತೂಲು ತೋರಿಸಿದ ದಿನ ಪರ್ವತಯ್ಯನ ಮೇಲೆ ಬಂದ ಅಸಹ್ಯ ಈ ನಗುವಿನ ಮುಂದೆ ಏನೂ ಅಲ್ಲ.

"ಹಾಗಾದ್ರೆ ಹೋಗಿ ನಮ್ಮ ಹಿತ್ತಿಲು ವಾಪಸ್ ಕೇಳಿ," ಎಂದೆ. "ಅವನ ಹತ್ರ ಪಿಸ್ತೂಲಿಲ್ವಲ್ಲ."

ಬಿಸಿಲಿಗೆ ತಲೆನೋವು ಬಂದಿದೆ ಎಂದು ಒಳಗೆ ಹೋಗಿ ಮಲಗಿದರು. ಆ ತಲೆನೋವು ಇನ್ನೂ ಬಿಟ್ಟಿಲ್ಲ.

ಲಾರಿಗಳು ಈಗ ನಮ್ಮ ಹಿತ್ತಿಲವರೆಗೆ ಬಂದು, ಈರಕ್ಕನ ಗೋಡೆಯ ಎದುರು ದಾರಿಯಿಲ್ಲದೆ ಹಿಂದೆ ಮುಂದೆ ಮಾಡುತ್ತಾ ಗುರುಗುಟ್ಟುತ್ತವೆ. ಡೀಸೆಲ್ ಹೊಗೆಯೆಲ್ಲ ಒಳಗೆ ನುಗ್ಗುತ್ತದೆ. ನಾನು ಆ ಕಡೆಯ ಬಾಗಿಲು ಹಾಕಿ, ಈರಕ್ಕನ ಕಡೆಯ ಕಿಟಕಿ ತೆರೆದಿಟ್ಟುಕೊಂಡು ಅಡುಗೆ ಮಾಡುತ್ತೇನೆ.