ಪ್ಲಗ್ ಕಿತ್ತ ಟಿವಿ ಮತ್ತು ನನ್ನ ಮಾವ

ಗೆಳೆಯರೇ, ಇವತ್ತು ನಾನು ಹೆಣ್ಣು ಕೊಟ್ಟ ಮಾವನ ಕೈಗೆ ಹೊಡೆದೆ. ಇಂಥದ್ದೇ ಇನ್ನೊಮ್ಮೆ ಆದರೆ ಇನ್ನೊಮ್ಮೆ ಹೊಡೆಯುತ್ತೇನೆ.

ನಮ್ಮ ಮದುವೆಯಲ್ಲಿ ಅವರೇ ಕೊಟ್ಟ ಡಬ್ಬಾ ಟಿವಿ. ತವರಿನದೆಂದು ಹೆಂಡತಿ ಅದನ್ನು ಗುಜರಿಗೆ ಹಾಕಲು ಬಿಡುವುದಿಲ್ಲ. ಬೆಳಿಗ್ಗೆ ಒಳಗೆ ಚಿರ್ ಚಿರ್ ಎಂದು ಸದ್ದಾಗಿ ಪರದೆ ಕಪ್ಪಾಯಿತು. ಟಿವಿ ರಿಪೇರಿಯಲ್ಲೇ ತಲೆ ನೆರೆಸಿಕೊಂಡವನು ನಾನು. ಹಿಂದಿನ ಮುಚ್ಚಳ ಬಿಚ್ಚಿದೆ. ಪಿಕ್ಚರ್ ಟ್ಯೂಬಿಗೆ ಹೈವೋಲ್ಟೇಜ್ ಒಯ್ಯುವ ವೈರಿನ ರಬ್ಬರ್ ಟೊಪ್ಪಿಗೆ ಸೀಳಿಹೋಗಿತ್ತು. ತಮ್ಮೂರು ಕಳ್ಳಕವಟಗಿಯಿಂದ ಬಂದಿದ್ದ ಮಾವ ಸೀದಾ ಅದಕ್ಕೇ ಬೆರಳು ಚಾಚಿದರು.

"ಮುಟ್ಟಬ್ಯಾಡ್ರಿ ಮಾವಾರ!"

"ಪ್ಲಗ್ ನಾನ ಕಿತ್ತೇನಿ ಅಳಿಯಾರ. ನಾ ಕೊಟ್ಟ ಟಿವಿ ನನಗೇನ್ ಮಾಡ್ತೈತಿ?"

ಬೆರಳು ಇನ್ನೂ ಮುಂದೆ ಹೋಯಿತು. ಹೊಡೆದೆ. ಅಡುಗೆಮನೆಯಿಂದ ಹೆಂಡತಿ ಓಡಿ ಬಂದಳು.

"ನಮ್ಮಪ್ಪನ ಮ್ಯಾಲೆ ಕೈ ಮಾಡ್ತೀರೇನ್ರೀ?"

ಪ್ಲಗ್ ಕಿತ್ತರೂ ಟ್ಯೂಬಿನೊಳಗೆ ಸಾವಿರಾರು ವೋಲ್ಟ್ ಉಳಿದಿರುತ್ತದೆ ಎಂದು ಗಂಟಲು ಹರಿಯುವಂತೆ ಕೂಗಿದೆ. ಯಾರು ಕೇಳಬೇಕು? ಸ್ಕ್ರೂಡ್ರೈವರಿಗೆ ವೈರು ಕಟ್ಟಿ, ಅದರ ಇನ್ನೊಂದು ತುದಿಯನ್ನು ಟ್ಯೂಬಿನ ಅರ್ಥಿಂಗಿಗೆ ಸಿಕ್ಕಿಸಿ, ಟೊಪ್ಪಿಗೆಯ ಕೆಳಗೆ ತೂರಿಸಿದೆ. ಚಟಾರ್ ಎಂದು ನೀಲಿ ಕಿಡಿ ಹಾರಿತು. ಮಾವ ಕೈಯನ್ನು ಬಗಲಲ್ಲಿ ಬಚ್ಚಿಟ್ಟುಕೊಂಡರು. ಇನ್ನಾದರೂ ತಿಳಿಯಿತಲ್ಲ ಎಂದುಕೊಂಡೆ.

"ಒಳಗ ಇಷ್ಟ ಕರೆಂಟ್ ಇತ್ತಂದ್ರ, ಲೈಟ್ ಹೋದಾಗ ಟಿವಿ ಯಾಕ ಬಂದ್ ಆಗ್ತಿತ್ರಿ? ನಿಮಗ ರಿಪೇರಿನ ಬರೂದಿಲ್ಲ, ಬಿಡ್ರಿ."

"ಹೌದಲ್ರೀ!" ಎಂದಳು ಹೆಂಡತಿ.

ಟ್ಯೂಬಿನ ಕರೆಂಟು ಇಳಿಸಲು ಒಂದು ವೈರು ಸಾಕಾಯಿತು. ನನ್ನ ಸಿಟ್ಟಿಗೆ ವೈರು ಸಿಗಲಿಲ್ಲ, ನೀವು ಸಿಕ್ಕಿರಿ.