ಗಾಯ ಮುಚ್ಚುವ ಕೂದಲು

ಕ್ಷೌರದಂಗಡಿಯವನ ಬೆರಳಿಗೆ ಕಣ್ಣಿದೆ ಎಂದು ಬೀದಿಯವರು ಹೇಳುತ್ತಿದ್ದರು. ಇರಲೇಬೇಕಲ್ಲ! ಮೂವತ್ತು ವರ್ಷ ಒಂದೇ ಕುರ್ಚಿಯ ಹಿಂದೆ ನಿಂತವನಿಗೆ ಯಾರ ತಲೆಯಲ್ಲಿ ಎಲ್ಲಿ ಸುಳಿ, ಎಲ್ಲಿ ಚಿಕ್ಕಂದಿನ ಪೆಟ್ಟಿನ ಗುರುತು, ಎಲ್ಲ ಗೊತ್ತು. ಬಾಯಿ ಮಾತ್ರ ಭದ್ರ. ಕುರ್ಚಿಯಲ್ಲಿ ಕೇಳಿದ್ದನ್ನು ಕುರ್ಚಿಯಲ್ಲೇ ಬಿಡುತ್ತಾನೆಂದೇ ಅವನ ಅಂಗಡಿಗೆ ಜನ ಬರುತ್ತಿದ್ದರು.

ಅವನ ಅಕ್ಕನ ಗಂಡ, ಗಡಿಯಾರ ರಿಪೇರಿಯವನು, ತಿಂಗಳಿಗೊಮ್ಮೆ ಬಂದು ಕೂರುತ್ತಿದ್ದ. ಎಂಟು ವರ್ಷದ ಹಿಂದೆ ಭಾವನ ಮಿದುಳಿನ ಹೊದಿಕೆಯಲ್ಲಿ ಗೆಡ್ಡೆ ಬೆಳೆದು, ಬುರುಡೆ ತೆರೆದು ತೆಗೆದಿದ್ದರು. ಕಿವಿಯ ಮೇಲೆ ಲಾಳದ ಆಕಾರದ ಹೊಲಿಗೆ ಗುರುತು ಉಳಿದಿತ್ತು. ಅದನ್ನು ಕಂಡಾಗಲೆಲ್ಲ ಅಕ್ಕ ಕಣ್ಣೀರಿಡುತ್ತಾಳೆಂದು ಇವನು ಆ ಬದಿಯ ಕೂದಲನ್ನು ಉದ್ದ ಬಿಟ್ಟು ಮುಚ್ಚುತ್ತಿದ್ದ. ಎಷ್ಟು ಚೆನ್ನಾಗಿ ಮುಚ್ಚುತ್ತಿದ್ದನೆಂದರೆ, ಗಾಯವಿತ್ತೆಂಬುದನ್ನೇ ಅಕ್ಕ ಮರೆತಿದ್ದಳು.

ಒಂದು ಬೆಳಿಗ್ಗೆ ಬಾಚಣಿಗೆ ತಡೆಯಿತು. ಗುರುತಿನ ಮೇಲೆ ಕಡಲೆಕಾಳಿನಷ್ಟು ಗಂಟು.

"ಭಾವ, ಇದೇನಿದು?"

"ಕೊಬ್ಬಿನ ಗಂಟು ಕಣೋ. ನಿಮ್ಮಕ್ಕನ ಕಿವಿಗೆ ಹಾಕ್ಬೇಡ, ಮಾತು ಕೊಡು."

"ಡಾಕ್ಟ್ರಿಗೆ ತೋರಿಸಿ ಮತ್ತೆ."

"ಅದು ಒಳಗಿತ್ತು, ಇದು ಹೊರಗಿದೆ. ಅದಕ್ಕೂ ಇದಕ್ಕೂ ಏನೋ ಸಂಬಂಧ?"

ಇವನು ಮಾತು ಕೊಟ್ಟ. ನಾಲ್ಕು ತಿಂಗಳಲ್ಲಿ ಗಂಟು ನೆಲ್ಲಿಕಾಯಿಯಷ್ಟಾಯಿತು. ಕೂದಲನ್ನು ಇನ್ನಷ್ಟು ಉದ್ದ ಬಿಟ್ಟ. ಐದನೇ ತಿಂಗಳು ಪಕ್ಕದಲ್ಲೇ ಇನ್ನೊಂದು ಗಂಟು ಕೈಗೆ ತಾಗಿತು. ಛೇ, ಎಂಥ ಹೇಡಿ ನಾನು ಅನ್ನಿಸಿತು. ಇಷ್ಟು ದಿನ ಅಕ್ಕನ ಕಣ್ಣಿಗೆ ಮಣ್ಣೆರಚಿದ್ದು ಭಾವ ಅಲ್ಲ, ತನ್ನದೇ ಕತ್ತರಿ.

ಭಾವ ಎಂದಿನಂತೆ ತೂಕಡಿಸುತ್ತಿದ್ದ. ಇವನು ಮೆಷಿನ್ ಹಿಡಿದು ಆ ಬದಿಯನ್ನು ನುಣ್ಣಗೆ ಬೋಳಿಸಿಬಿಟ್ಟ.

ಕನ್ನಡಿ ನೋಡಿ ಭಾವ ಹೌಹಾರಿದ. "ಅಯ್ಯೋ ಪಾಪಿ! ಮಾತು ಕೊಟ್ಟಿದ್ಯಲ್ಲೋ!"

"ನಾನೆಲ್ಲಿ ಬಾಯಿ ಬಿಟ್ಟೆ ಭಾವ?"

ಮಧ್ಯಾಹ್ನದೊಳಗೆ ಅಕ್ಕ ಗಂಡನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋಗಿದ್ದಳು. ಹಳೇ ಗೆಡ್ಡೆಯೇ ಇದು, ಅಂದಿನ ಆಪರೇಷನ್ನಿನಲ್ಲಿ ಅದರ ಕಣಗಳು ಹೊಲಿಗೆಯ ಜಾಗದಲ್ಲಿ ಉಳಿದು ತಲೆಯ ಚರ್ಮದಲ್ಲಿ ಬೆಳೆದಿರಬೇಕು, ತೀರಾ ಅಪರೂಪ ಎಂದರು ಡಾಕ್ಟರು. ಎರಡೂ ಗಂಟು ತೆಗೆದು, ತೊಡೆಯ ಚರ್ಮ ತಂದು ಹಚ್ಚಿದರು. ಚಿಕ್ಕದಿದ್ದಾಗಲೇ ಬಂದಿದ್ದರೆ ಇಷ್ಟೆಲ್ಲ ಕೊಯ್ಯಬೇಕಿರಲಿಲ್ಲ ಎಂದೂ ಹೇಳಿದರು. ಆ ಜಾಗದಲ್ಲಿ ಇನ್ನು ಕೂದಲು ಬರುವುದಿಲ್ಲ.

ಭಾವ ಮನೆಗೆ ಬಂದ ಮೇಲೆ ಅಕ್ಕ ಅಂಗಡಿಗೆ ಬಂದು ತಮ್ಮನ ಕೈ ಹಿಡಿದುಕೊಂಡಳು.

"ನಿನ್ನ ಕೈ ತಣ್ಣಗಿರ್ಲಿ ಕಣೋ. ಕಂಡ ದಿನವೇ ಬೋಳಿಸಿದ್ಯಲ್ಲ, ಇಲ್ದಿದ್ರೆ ನನ್ನ ಗತಿ ಏನಾಗ್ತಿತ್ತು?"

ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಸುಮ್ಮನಿರುವುದು ಅವನಿಗೇನು ಹೊಸದೇ?

"ಕಂಡ ದಿನ ಅಲ್ಲ ಅಕ್ಕ. ಬೋಳಿಸಿದ್ದಕ್ಕೂ ಐದು ತಿಂಗಳ ಮುಂಚೆಯೇ ನನಗೆ ಗೊತ್ತಿತ್ತು."

ಅಕ್ಕ ಅವನ ಮುಖವನ್ನೇ ನೋಡಿದಳು. ಆಮೇಲೆ ಕೈ ಬಿಟ್ಟಳು.